ಓಡುವಾಗ ಬೀಳುವ ಮಗು, ಎಳನೀರು ಬಿಟ್ಟ ಅಪ್ಪ
ಓದುಗರ ಪ್ರಶ್ನೆ – ವೈದ್ಯರ ಉತ್ತರ

(ಉತ್ತರಿಸುವವರು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕಿ)

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನನ್ನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದಾರೆ. ಕಳೆದ ವರ್ಷ ಶಾಲೆಯ ಮೈದಾನದಲ್ಲಿ ಓಡುವಾಗ ಮಗ ಪ್ರಜ್ಞೆ ತಪ್ಪಿ ಬಿದ್ದ. ಈಚೆಗೆ ನಾಯಿ ಅಟ್ಟಿಸಿಕೊಂಡು ಬಂದಾಗ ಮತ್ತೆ ಹಾಗೆಯೇ ಆಯಿತು. ಮುಖ ಬಿಳಿಚಿಕೊಂಡು ಕೈಕಾಲು ಸೆಟೆದುಕೊಂಡವು. ಒಂದೆರಡು ನಿಮಿಷಕ್ಕೆ ಎದ್ದು ಕುಳಿತು ನೀರು ಕೇಳಿದ. ಫಿಟ್ಸ್ ಎಂದು ಮಾತ್ರೆ ಕೊಟ್ಟಿದ್ದಾರೆ. ಎಷ್ಟು ವರ್ಷ ಕೊಡಬೇಕು?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ತಾಯಿ, ನಿಮ್ಮ ಪತ್ರ ಓದಿದ ದಿನವೇ ಅಂಚೆಯಲ್ಲಿ ಉತ್ತರ ಬರೆದಿದ್ದೇನೆ. ಅದನ್ನೇ ಇಲ್ಲಿ ಮತ್ತೆ ಬರೆಯುವುದು, ಇಂಥ ಮಗು ಇರುವ ಬೇರೆ ಮನೆಗಳಿಗೂ ತಲುಪಲಿ ಎಂದು.

ಮಗುವಿಗೆ ತಡಮಾಡದೆ ಇಸಿಜಿ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ, ಐದು ನಿಮಿಷದ ಕೆಲಸ, ನೋವಿಲ್ಲ. ಕಾಗದ ಕೈಗೆ ಬಂದಾಗ ವೈದ್ಯರಿಗೆ ಒಂದು ಮಾತು ಬಿಡಿಸಿ ಹೇಳಿ: ‘ಮಗುವಿಗೆ ಹುಟ್ಟುಕಿವುಡು, ಓಡುವಾಗ ಮತ್ತು ಹೆದರಿದಾಗ ಬೀಳುತ್ತಾನೆ, ಕ್ಯೂಟಿ ಅಂತರ ಅಳೆದು ನೋಡಿ.’ ಮಿಡಿತದ ವಿದ್ಯುತ್ ಸಂಕೇತ ಶುರುವಾಗಿ ಹೃದಯ ಮತ್ತೆ ಅಣಿಯಾಗುವವರೆಗಿನ ಹೊತ್ತೇ ಕ್ಯೂಟಿ ಅಂತರ. ಅಲ್ಲಿಯವರೆಗೆ ಓಟ, ಈಜು, ಕೆರೆಗೆ ಇಳಿಯುವುದು ಬೇಡ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಬೇಕೇ ಎಂಬುದನ್ನು ಇಸಿಜಿ ನೋಡಿದ ವೈದ್ಯರು ಹೇಳಲಿ.

ಪತ್ರ ಓದಿ ರೋಗ ನಿರ್ಣಯ ಮಾಡಲು ಬರುವುದಿಲ್ಲ. ಆದರೆ ನೀವು ಬರೆದ ಮೂರು ಸಂಗತಿಗಳು – ಹುಟ್ಟುಕಿವುಡು, ಓಡುವಾಗ ಹೆದರಿದಾಗ ಬೀಳುವುದು, ಸೋದರ ಸಂಬಂಧದ ಮದುವೆ – ಒಂದೇ ಮಗುವಿನಲ್ಲಿ ಕೂಡಿದಾಗ ನನ್ನ ಕಾಲದ ಯಾವ ಶಿಕ್ಷಕರೂ ಸುಮ್ಮನೆ ಕೂರುತ್ತಿರಲಿಲ್ಲ. 1957ರಲ್ಲಿ ನಾರ್ವೆಯ ಆಂಟನ್ ಜೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ಆರು ಮಕ್ಕಳಲ್ಲಿ ನಾಲ್ವರಿಗೆ ಹುಟ್ಟುಕಿವುಡು. ಆ ನಾಲ್ವರೂ ಆಗಾಗ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಮೂವರು ಎಳೆಯ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡರು. ಇಸಿಜಿಯಲ್ಲಿ ಕ್ಯೂಟಿ ಅಂತರ ವಿಪರೀತ ಉದ್ದವಾಗಿತ್ತು.

ಕಿವಿಗೂ ಹೃದಯಕ್ಕೂ ಏನು ಸಂಬಂಧ? ಉತ್ತರ ಸಿಗಲು ನಲವತ್ತು ವರ್ಷ ಬೇಕಾಯಿತು. ಹೃದಯದ ಪ್ರತಿ ಜೀವಕೋಶದ ಪೊರೆಯಲ್ಲೂ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಯಾನುಗಳಿಗೆ ಬೇರೆ ಬೇರೆ ದ್ವಾರಗಳಿವೆ. ವೈದ್ಯರು ಅವನ್ನು ಚಾನೆಲ್ ಎನ್ನುತ್ತಾರೆ. ಪ್ರತಿ ದ್ವಾರವೂ ಒಂದು ಪ್ರೋಟೀನ್. ಅದನ್ನು ಕಟ್ಟುವ ವಿಧಿ ಒಂದು ಜೀನಿನಲ್ಲಿ ಬರೆದಿರುತ್ತದೆ. ಹನ್ನೊಂದನೆಯ ವರ್ಣತಂತುವಿನಲ್ಲಿರುವ ಕೆಸಿಎನ್‌ಕ್ಯೂ1 ಎಂಬ ಜೀನ್ ಕಟ್ಟುವುದು ಒಂದು ಪೊಟ್ಯಾಸಿಯಂ ದ್ವಾರವನ್ನು. ಪ್ರತಿ ಮಿಡಿತದ ಕೊನೆಯಲ್ಲಿ ಪೊಟ್ಯಾಸಿಯಂ ಈ ದಾರಿಯಿಂದಲೂ ಹೊರಗೆ ಹರಿದು ಜೀವಕೋಶವನ್ನು ಮುಂದಿನ ಮಿಡಿತಕ್ಕೆ ಅಣಿಗೊಳಿಸುತ್ತದೆ. ಓಡುವಾಗ, ಹೆದರಿದಾಗ ಅಡ್ರಿನಲಿನ್ ಏರಿ ಹೃದಯದ ವೇಗ ಹೆಚ್ಚುತ್ತದಲ್ಲವೇ? ಆಗ ಮಿಡಿತ ಮಿಡಿತದ ನಡುವಿನ ಸಮಯ ಕಡಿಮೆ. ಬೇಗ ಅಣಿಯಾಗಬೇಕಾದ ಆ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡಬೇಕಾದದ್ದು ಈ ದ್ವಾರವೇ. ಈ ಜೀನಿನ ಎರಡು ಪ್ರತಿಗಳು, ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು ಎರಡೂ ಕೆಟ್ಟಿದ್ದರೆ ಜೀವಕೋಶ ಅಣಿಯಾಗುವುದು ತಡವಾಗುತ್ತದೆ. ಅಣಿಯಾಗದ ಸ್ನಾಯುವಿನ ಮೇಲೆ ಮುಂದಿನ ಮಿಡಿತ ಬಿದ್ದು ಲಯ ಚದುರುತ್ತದೆ, ಹೃದಯ ರಕ್ತ ಒತ್ತುವುದನ್ನು ಬಿಟ್ಟು ಅದುರತೊಡಗುತ್ತದೆ. ಮೆದುಳಿಗೆ ರಕ್ತ ನಿಂತಾಗ ಕೈಕಾಲು ಸೆಟೆಯುತ್ತವೆ. ನೋಡುವವರಿಗೆ ಅದು ಫಿಟ್ಸ್‌ನಂತೆಯೇ ಕಾಣುತ್ತದೆ. ಲಯ ತಾನಾಗಿ ಮರಳಿದರೆ ಮಗು ಎದ್ದು ಕೂರುತ್ತದೆ. ಮರಳದಿದ್ದರೆ ಇಲ್ಲ.

ಇದೇ ದ್ವಾರ ಒಳಕಿವಿಯಲ್ಲೂ ಇದೆ. ಅಲ್ಲಿನ ದ್ರವದಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಆ ದ್ರವವಿಲ್ಲದೆ ಶಬ್ದ ನರದ ಸಂಕೇತವಾಗುವುದಿಲ್ಲ. ಒಂದು ಜೀನ್, ಎರಡು ಅಂಗ. 1997ರಲ್ಲಿ ಇದು ಸ್ಪಷ್ಟವಾಯಿತು.

ಸೋದರ ಸಂಬಂಧದ ಮಾತು ಎತ್ತಿದ್ದು ನಿಮ್ಮನ್ನು ದೂರಲು ಅಲ್ಲ. ನಮ್ಮ ಕಡೆ ಸೋದರಮಾವ, ಸೋದರತ್ತೆಯ ಮಗ ಎಂದು ಕೊಟ್ಟು ತಂದುಕೊಳ್ಳುವುದು ತಲೆಮಾರುಗಳಿಂದ ಬಂದದ್ದು, ನಿಮ್ಮನ್ನು ಕೇಳಿ ಯಾರೂ ಮಾಡಿದ್ದಲ್ಲ. ಆದರೆ ಒಂದೇ ಅಜ್ಜಿಯ ಕೆಟ್ಟ ಪ್ರತಿ ಗಂಡ ಹೆಂಡಿರಿಬ್ಬರಿಗೂ ಬಂದಿರುವ ಸಾಧ್ಯತೆ ಇಂಥ ಮದುವೆಯಲ್ಲಿ ಹೆಚ್ಚು. ಇಬ್ಬರಲ್ಲೂ ಒಂದೊಂದು ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸೇರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಇಸಿಜಿಯಲ್ಲಿ ಕ್ಯೂಟಿ ಉದ್ದವಿದ್ದರೆ ನೀವಿಬ್ಬರೂ, ಉಳಿದ ಮಕ್ಕಳೂ ಮಾಡಿಸಿಕೊಳ್ಳಬೇಕು. ಒಂದೇ ಕೆಟ್ಟ ಪ್ರತಿ ಇರುವವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಆದರೂ ಕೆಲವರಲ್ಲಿ ಕ್ಯೂಟಿ ಉದ್ದವಿರುತ್ತದೆ.

ಚಿಕಿತ್ಸೆ ಇದೆ. ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಹೊಸದಲ್ಲ, ದುಬಾರಿಯೂ ಅಲ್ಲ. ಅದು ಅಡ್ರಿನಲಿನ್‌ನ ಹೊಡೆತವನ್ನು ತಡೆಯುತ್ತದೆ. ಒಂದು ದಿನವೂ ತಪ್ಪಿಸಬಾರದು. ಅದು ಸಾಲದ ಮಕ್ಕಳಿಗೆ ಎದೆಯೊಳಗೆ ಇಡುವ, ಲಯ ಚದುರಿದಾಗ ವಿದ್ಯುತ್ ಹೊಡೆತ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಸಾಧನ ಬೇಕಾಗುತ್ತದೆ. ಕ್ಯೂಟಿ ಇನ್ನಷ್ಟು ಹಿಗ್ಗಿಸುವ ಔಷಧಗಳಿವೆ: ಅಜಿತ್ರೋಮೈಸಿನ್, ಎರಿತ್ರೋಮೈಸಿನ್, ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಡೋಂಪೆರಿಡೋನ್. ಇವು ಬೇರೆಯವರಿಗೆ ಒಳ್ಳೆಯ ಔಷಧಗಳೇ, ಇಂಥ ಮಗುವಿಗೆ ಅಲ್ಲ. ಪ್ರತಿ ಬಾರಿ ಜ್ವರ, ಕೆಮ್ಮು ಎಂದು ಹೋದಾಗಲೂ ಇಸಿಜಿಯ ನಕಲು ಜೊತೆಯಲ್ಲಿರಲಿ. ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸುವ ಮಾತು ಬಂದರೆ ಅರಿವಳಿಕೆ ಕೊಡುವ ಮೊದಲೇ ಆ ವೈದ್ಯರಿಗೆ ಇದು ತಿಳಿದಿರಬೇಕು.

ಮಗು ಮತ್ತೆ ಬಿದ್ದು ಉಸಿರಾಡದಿದ್ದರೆ ಮುಖಕ್ಕೆ ನೀರು ಚಿಮುಕಿಸುತ್ತಾ, ಕೈಗೆ ಕಬ್ಬಿಣ ಹಿಡಿಸುತ್ತಾ ಹೊತ್ತು ಕಳೆಯಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುವಿನ ಮೂಳೆಯ ಮೇಲೆ ಅಂಗೈ ಊರಿ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಲಿ. ಶಾಲೆಯ ಮೇಷ್ಟ್ರಿಗೂ ಇದನ್ನು ಕಲಿಸಿ.

ಕಿವುಡು ಮಕ್ಕಳ ಶಾಲೆ ನಡೆಸುವವರು ಈ ಅಂಕಣ ಓದುತ್ತಿದ್ದರೆ ನನ್ನದೊಂದು ಬೇಡಿಕೆ ಇದೆ. ಹುಟ್ಟುಕಿವುಡಿರುವ ಪ್ರತಿ ಮಗುವಿಗೂ ಒಮ್ಮೆ ಇಸಿಜಿ ಮಾಡಿಸಿ. ನೂರಾರು ಕಾಗದದಲ್ಲಿ ಏನೂ ಸಿಗದಿರಬಹುದು. ಒಂದರಲ್ಲಿ ಸಿಕ್ಕರೆ ಒಂದು ಮಗು ಉಳಿಯುತ್ತದೆ.

ಪ್ರಶ್ನೆ: ನಾನು ಪಿಯುಸಿ ಓದುವಾಗ ಮೇಡಂ ಕಪ್ಪೆಯ ಹೃದಯವನ್ನು ತೆಗೆದು ಗಾಜಿನ ಬಟ್ಟಲಿನಲ್ಲಿಟ್ಟಿದ್ದರು. ಅದು ಬಹಳ ಹೊತ್ತು ಮಿಡಿಯುತ್ತಲೇ ಇತ್ತು. ದೇಹವಿಲ್ಲ, ನರವಿಲ್ಲ, ರಕ್ತವಿಲ್ಲ. ಮತ್ತೆ ಮಿಡಿಸುತ್ತಿದ್ದವರು ಯಾರು?
– ನಿವೃತ್ತ ಶಿಕ್ಷಕರು, ಸಾಗರ

ಮೇಷ್ಟ್ರೇ, ಬಟ್ಟಲಿನಲ್ಲಿದ್ದ ಉಪ್ಪುನೀರು ನಿಮಗೆ ನೆನಪಿದೆಯೇ? ಉತ್ತರದ ಅರ್ಧ ಅದರಲ್ಲಿದೆ.

ನಾವು ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದೇ ಪ್ರಯೋಗವನ್ನು ಡ್ರಮ್ಮಿನ ಮೇಲೆ ಮಾಡಿಸುತ್ತಿದ್ದೆವು. ಹೊಳಪು ಕಾಗದವನ್ನು ಸಿಲಿಂಡರಿಗೆ ಸುತ್ತಿ, ಸೀಮೆಎಣ್ಣೆಯ ಹೊಗೆ ಹಿಡಿದು ಕಪ್ಪಗೆ ಮಸಿ ಕಟ್ಟಿಸಬೇಕು. ಕಪ್ಪೆಯ ಹೃದಯದ ತುದಿಗೆ ಬಗ್ಗಿಸಿದ ಗುಂಡುಸೂಜಿ ಸಿಕ್ಕಿಸಿ, ಅದರ ದಾರವನ್ನು ಸನ್ನೆಗೋಲಿಗೆ ಕಟ್ಟಬೇಕು. ಡ್ರಮ್ ನಿಧಾನವಾಗಿ ತಿರುಗಿದಂತೆ ಸನ್ನೆಗೋಲಿನ ಮೊನೆ ಮಸಿಯ ಮೇಲೆ ಬಿಳಿ ಗೆರೆ ಎಳೆಯುತ್ತಾ ಹೋಗುತ್ತದೆ. ಒಂದು ಮಿಡಿತಕ್ಕೆ ಒಂದು ಶಿಖರ. ಸಾಲಾಗಿ ಶಿಖರಗಳು ಮೂಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡಿನ ಕೆಲವು ಹನಿ ಬಿಡುತ್ತಿದ್ದೆವು. ಶಿಖರಗಳು ಕುಗ್ಗುತ್ತಾ ಕುಗ್ಗುತ್ತಾ ಗೆರೆ ಕೆಳಗೆ ಮಟ್ಟಸವಾಗುತ್ತಿತ್ತು. ಹೃದಯ ಸಡಿಲಗೊಂಡು ನಿಲ್ಲುತ್ತಿತ್ತು. ತೊಳೆದರೆ ಮತ್ತೆ ಎದ್ದು ಮಿಡಿಯುತ್ತಿತ್ತು. ಈಗ ಕ್ಯಾಲ್ಸಿಯಂ ಕ್ಲೋರೈಡ್. ಶಿಖರಗಳು ಎತ್ತರೆತ್ತರವಾಗಿ ಏರುತ್ತಿದ್ದವು. ಹೆಚ್ಚಾದರೆ ಗೆರೆ ಮೇಲೆಯೇ ಉಳಿದುಬಿಡುತ್ತಿತ್ತು; ಹೃದಯ ಬಿಗಿದುಕೊಂಡೇ ನಿಲ್ಲುತ್ತಿತ್ತು. ಕಾಗದವನ್ನು ಬಿಡಿಸಿ ವಾರ್ನಿಷ್‌ನಲ್ಲಿ ಅದ್ದಿ ದಾರಕ್ಕೆ ನೇತುಹಾಕಿದರೆ ದಾಖಲೆ ಸಿದ್ಧ. ಕಪ್ಪೆಯ ಜೀವ ಹೋಗುವ ಆ ಪ್ರಯೋಗ ಈಗ ಬಹುತೇಕ ನಿಂತಿದೆ, ಕಂಪ್ಯೂಟರಿನಲ್ಲಿ ತೋರಿಸುತ್ತಾರೆ. ಅದು ಸರಿಯೇ. ಆದರೆ ಎರಡು ಉಪ್ಪುಗಳ ಎರಡು ಬಗೆಯ ಹಿಡಿತವನ್ನು ಆ ಮಸಿ ಕಾಗದದಷ್ಟು ಚೆನ್ನಾಗಿ ಕಲಿಸಿದ್ದು ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ಈ ವಿದ್ಯೆಯ ಮೂಲ ಲಂಡನ್ನಿನ ಸಿಡ್ನಿ ರಿಂಗರ್. 1882ರಲ್ಲಿ ಅವರು ಉಪ್ಪುನೀರಿನಲ್ಲಿ ಕಪ್ಪೆಯ ಹೃದಯ ಚೆನ್ನಾಗಿ ಮಿಡಿಯುತ್ತದೆ ಎಂದು ಪ್ರಕಟಿಸಿದರು. ಆಮೇಲೆ ತಿಳಿಯಿತು, ದ್ರಾವಣ ಮಾಡಿದ್ದು ಬಟ್ಟಿ ಇಳಿಸಿದ ನೀರಿನಲ್ಲಿ ಅಲ್ಲ, ನ್ಯೂ ರಿವರ್ ಕಂಪನಿಯ ನಲ್ಲಿ ನೀರಿನಲ್ಲಿ. ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಅಷ್ಟು ದಿನ ಹೃದಯವನ್ನು ನಡೆಸಿತ್ತು. ರಿಂಗರ್ ಅದನ್ನು ಮುಚ್ಚಿಡಲಿಲ್ಲ. 1883ರ ಪ್ರಬಂಧದಲ್ಲಿ ಮೊದಲಿಗೇ ಹೇಳಿದರು. ಅವರಿಗೆ ಇನ್ನೊಂದು ಅದೃಷ್ಟವೂ ಇತ್ತು. ಮನುಷ್ಯನ ಹೃದಯದ ಜೀವಕೋಶದೊಳಗೆ ಕ್ಯಾಲ್ಸಿಯಂನ ದೊಡ್ಡ ದಾಸ್ತಾನು ಇರುತ್ತದೆ. ಕಪ್ಪೆಯದರಲ್ಲಿ ಅದು ತೀರಾ ಕಡಿಮೆ, ಹೊರಗಿನಿಂದ ಬರುವುದನ್ನೇ ನಂಬಿದೆ. ಹಾಗಾಗಿ ನೀರು ಬದಲಾದ ಕೂಡಲೇ ಕಪ್ಪೆಯ ಹೃದಯ ಸತ್ಯ ಹೇಳಿತು. ಕಾಲಿನ ಸ್ನಾಯುವಿನಲ್ಲಿ ಇದೇ ಪ್ರಯೋಗ ಮಾಡಿದ್ದರೆ ಅದು ಹೊರಗಿನ ಕ್ಯಾಲ್ಸಿಯಂ ಇಲ್ಲದೆಯೂ ಬಹಳ ಹೊತ್ತು ಎಳೆಯುತ್ತಿತ್ತು, ಏನೂ ತಿಳಿಯುತ್ತಿರಲಿಲ್ಲ.

ಉತ್ತರದ ಇನ್ನರ್ಧ, ಮಿಡಿತ ಹುಟ್ಟುವುದು ಎಲ್ಲಿ ಎಂಬುದು. ನಮ್ಮಲ್ಲಿ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಪುಟ್ಟ ಗಂಟು ಇದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಅದನ್ನು ಗುರುತಿಸಿದರು. ಅಲ್ಲಿನ ಜೀವಕೋಶಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಒಂದು ಮಿಡಿತ ಮುಗಿದ ಕೂಡಲೇ ಸೋಡಿಯಂ ಸಣ್ಣಗೆ ಒಳಗೆ ಜಿನುಗುತ್ತದೆ, ವೋಲ್ಟೇಜ್ ಮೆಲ್ಲನೆ ಏರಿ ಮುಂದಿನ ಮಿಡಿತ ಸಿಡಿಯುತ್ತದೆ. ಈ ಜಿನುಗುವ ದ್ವಾರಕ್ಕೂ ಜೀನ್ ಇದೆ. ನರಗಳು ವೇಗ ಹೆಚ್ಚು ಕಡಿಮೆ ಮಾಡುತ್ತವೆ, ಅಷ್ಟೇ. ನಿಮ್ಮ ಬಟ್ಟಲಿನಲ್ಲಿ ಕಪ್ಪೆಯ ಹೃದಯ ತನ್ನನ್ನು ತಾನೇ ಮಿಡಿಸಿಕೊಳ್ಳುತ್ತಿತ್ತು.

ಪ್ರಶ್ನೆ: ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಹೃದಯವೂ ಸ್ನಾಯುವೇ ಅಲ್ಲವೇ? ಅದು ಹಾಗೆ ಹಿಡಿದುಕೊಳ್ಳುವುದಿಲ್ಲವೇಕೆ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಮಗಳೇ, ನಿನ್ನ ಪ್ರಶ್ನೆ ಪಠ್ಯಪುಸ್ತಕದ ಕೊನೆಯಲ್ಲಿರುವ ಪ್ರಶ್ನೆಗಳಿಗಿಂತ ಚೆನ್ನಾಗಿದೆ.

ಕಾಲಿನ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಕೆಲವೇ ಮಿಲಿಸೆಕೆಂಡು ಇರುತ್ತದೆ. ಎಳೆತ ಮುಗಿಯುವ ಮೊದಲೇ ಇನ್ನೊಂದು, ಮತ್ತೊಂದು ಸಂಕೇತ ಬರಬಹುದು. ಎಳೆತದ ಮೇಲೆ ಎಳೆತ ಸೇರಿ ಸ್ನಾಯು ಗಂಟು ಕಟ್ಟುತ್ತದೆ. ಹೃತ್ಕುಕ್ಷಿಯಲ್ಲಿ ಸಂಕೇತವೇ 200ರಿಂದ 300 ಮಿಲಿಸೆಕೆಂಡು. ಜೀವಕೋಶದ ಒಳಗು ಬಿಡುವಿನಲ್ಲಿ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕೆಳಗಿರುತ್ತದೆ. ಸೋಡಿಯಂ ನುಗ್ಗಿ ಒಂದೆರಡು ಮಿಲಿಸೆಕೆಂಡಿನಲ್ಲಿ ಅದನ್ನು ಸೊನ್ನೆಯ ಮೇಲಕ್ಕೆ ಒಯ್ಯುತ್ತದೆ. ಆಮೇಲೆ ಕ್ಯಾಲ್ಸಿಯಂ ದ್ವಾರ ತೆರೆದು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಅಷ್ಟೂ ಹೊತ್ತು ಸೋಡಿಯಂ ದ್ವಾರಗಳು ಬೀಗ ಹಾಕಿಕೊಂಡಿರುತ್ತವೆ, ಹೊಸ ಸಂಕೇತಕ್ಕೆ ಪ್ರವೇಶವಿಲ್ಲ. ಬೀಗ ತೆರೆಯುವ ಹೊತ್ತಿಗೆ ಎಳೆತ ಬಹುಮಟ್ಟಿಗೆ ಮುಗಿದು ಸ್ನಾಯು ಸಡಿಲವಾಗುತ್ತಿರುತ್ತದೆ. ಸಡಿಲವಾಗದೆ ರಕ್ತ ತುಂಬುವುದಿಲ್ಲ, ತುಂಬದೆ ಒತ್ತಲು ಏನೂ ಇರುವುದಿಲ್ಲ.

ಹಾಗೆ ಒಳಬಂದ ಕ್ಯಾಲ್ಸಿಯಂ ಅಲ್ಪ. ಆದರೆ ಮೊದಲ ಮನೆಯ ನಾಯಿ ಬೊಗಳಿದರೆ ಕೇರಿಯ ನಾಯಿಗಳೆಲ್ಲ ಬೊಗಳುವಂತೆ, ಅದು ಒಳಗಿನ ದಾಸ್ತಾನಿನ ಬಾಯಿಗಳನ್ನು ತೆರೆಸುತ್ತದೆ. ಕ್ಯಾಲ್ಸಿಯಂ ಸುಮಾರು ಹತ್ತು ಪಟ್ಟು ಏರಿ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಆಗ ಆಕ್ಟಿನ್ ಎಳೆಗಳ ಮೇಲಿನ ತಡೆ ಸರಿದು ಮಯೋಸಿನ್ ಎಳೆಗಳು ಅವನ್ನು ಹಿಡಿದು ಎಳೆಯುತ್ತವೆ. ಮುಂದಿನ ಕ್ಷಣದಲ್ಲೇ ಪಂಪುಗಳು ಕ್ಯಾಲ್ಸಿಯಂ ಅನ್ನು ದಾಸ್ತಾನಿಗೆ ಮರಳಿ ತುಂಬುತ್ತವೆ. ದಿನಕ್ಕೆ ಒಂದು ಲಕ್ಷದಷ್ಟು ಬಾರಿ. ಆ ಪಂಪಿಗೆ ಲಗಾಮು ಹಾಕುವ ಫಾಸ್ಫೊಲಾಂಬಾನ್ ಎಂಬ ಪ್ರೋಟೀನಿನಲ್ಲಿ ಇರುವುದು 52 ಅಮೈನೊ ಆಮ್ಲ ಮಾತ್ರ. ನೀನು ಪರೀಕ್ಷೆಗೆ ಹೆದರಿದಾಗ ಅಡ್ರಿನಲಿನ್ ಮಾಡುವ ಕೆಲಸಗಳಲ್ಲಿ ಒಂದು, ಈ ಲಗಾಮನ್ನು ಸಡಿಲಿಸುವುದು. ಹಾಗಾಗಿ ಎದೆ ಜೋರಾಗಿ ಬಡಿಯುವುದಷ್ಟೇ ಅಲ್ಲ, ಬೇಗ ಸಡಿಲವೂ ಆಗುತ್ತದೆ.

ಪ್ರಶ್ನೆ: ಅಪ್ಪನಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್. ನಮ್ಮದು ತೆಂಗಿನ ತೋಟ, ಜೀವನವಿಡೀ ಎಳನೀರು ಕುಡಿದವರು. ಈಗ ಒಂದು ಗುಟುಕೂ ಬೇಡ ಎನ್ನುತ್ತಾರೆ ವೈದ್ಯರು. ಎಳನೀರು ಹೃದಯಕ್ಕೆ ತಂಪಲ್ಲವೇ?
– ಮದ್ದೂರು

ವೈದ್ಯರ ಮಾತು ನೂರಕ್ಕೆ ನೂರು ಸರಿ. ಒಂದು ದೊಡ್ಡ ಲೋಟ ಎಳನೀರಿನಲ್ಲಿ 400ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಚೆನ್ನಾಗಿದ್ದವರಿಗೆ ಅದು ಒಳ್ಳೆಯದೇ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ನಿಮ್ಮ ತಂದೆಯವರಿಗೆ ಹೋಗುವ ದಾರಿ ಮುಂದಿನ ಡಯಾಲಿಸಿಸ್ ಒಂದೇ. ಅಲ್ಲಿಯವರೆಗೆ ಅದು ರಕ್ತದಲ್ಲೇ ಉಳಿಯುತ್ತದೆ.

ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಜೀವಕೋಶದ ಒಳಗೆ ಸುಮಾರು 140. ಈ ಅಂತರವೇ ಹೃದಯದ ಬಿಡುವಿನ ವೋಲ್ಟೇಜನ್ನು ಹಿಡಿದಿಟ್ಟಿರುವುದು. ಹೊರಗಿನದು 8ಕ್ಕೆ ಏರಿತೆನ್ನಿ. ಬಿಡುವಿನ ವೋಲ್ಟೇಜ್ ಹದಿನೈದಕ್ಕೂ ಹೆಚ್ಚು ಮಿಲಿವೋಲ್ಟ್ ಮೇಲೇರುತ್ತದೆ. ಆ ಮಟ್ಟದಲ್ಲಿ ಸೋಡಿಯಂ ದ್ವಾರಗಳಲ್ಲಿ ಬಹಳಷ್ಟು ಬೀಗ ತೆಗೆಯುವುದೇ ಇಲ್ಲ. ಸಂಕೇತ ನಿಧಾನವಾಗುತ್ತದೆ, ಇಸಿಜಿಯಲ್ಲಿ ಟಿ ಅಲೆ ಗುಡಾರದಂತೆ ಚೂಪಾಗಿ ಏಳುತ್ತದೆ, ಕೊನೆಗೆ ಹೃದಯ ಸಡಿಲಗೊಂಡು ನಿಲ್ಲುತ್ತದೆ. ಸಾಗರದ ಮೇಷ್ಟ್ರಿಗೆ ಹೇಳಿದ ಮಸಿ ಕಾಗದದ ಮೊದಲ ಪ್ರಯೋಗ ಇದೇ. ಶಸ್ತ್ರಚಿಕಿತ್ಸಕರು ಇದನ್ನು ಬೇಕೆಂದೇ ಬಳಸುತ್ತಾರೆ: 1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಕೊಟ್ಟು ಹೃದಯವನ್ನು ನಿಲ್ಲಿಸಿ ಮತ್ತೆ ನಡೆಸುವ ಕ್ರಮವನ್ನು ಪ್ರಕಟಿಸಿದರು. ಇಂದಿನ ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲೂ ಹೃದಯವನ್ನು ನಿಲ್ಲಿಸಲು ಪೊಟ್ಯಾಸಿಯಂ ದ್ರಾವಣ ಬೇಕು.

ಬಾಳೆಹಣ್ಣು, ಟೊಮೆಟೊ ಸಾರು, ಒಣದ್ರಾಕ್ಷಿ ಇವುಗಳಲ್ಲೂ ಪೊಟ್ಯಾಸಿಯಂ ಹೆಚ್ಚು. ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಸಾಕಷ್ಟು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅಂಗಡಿಯಲ್ಲಿ ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪು. ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್. ಒಳ್ಳೆಯದೆಂದು ತಂದು ಅಪ್ಪನ ಅಡುಗೆಗೆ ಹಾಕಬೇಡಿ. ಅವರಿಗೆ ಇದ್ದಕ್ಕಿದ್ದಂತೆ ಕೈಕಾಲು ಬಲಗುಂದಿದರೆ, ಎದೆಬಡಿತ ನಿಧಾನವೆನಿಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲೂಕೊನೇಟ್ ಕೊಡುತ್ತಾರೆ. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯವನ್ನು ಅದರ ಹೊಡೆತದಿಂದ ಕಾಪಾಡಿ ಉಳಿದ ಚಿಕಿತ್ಸೆಗೆ ಸಮಯ ಕೊಡುತ್ತದೆ.

ಪ್ರಶ್ನೆ: ಕುತೂಹಲಕ್ಕೆ ಜೀನ್ ಪರೀಕ್ಷೆ ಮಾಡಿಸಿದೆ. ‘ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಇಲ್ಲ’ ಎಂದು ವರದಿ ಬಂದಿದೆ. ನಿದ್ದೆ ಬರುತ್ತಿಲ್ಲ. ನನಗೆ 34 ವರ್ಷ.
– ಬೆಂಗಳೂರು

ಮೊದಲು ನಿದ್ದೆ ಮಾಡಿ. ಈ ಮಾರ್ಪಾಡು ನಮ್ಮ ಉಪಖಂಡದಲ್ಲಿ ನೂರು ಜನರಲ್ಲಿ ಸುಮಾರು ನಾಲ್ವರಿಗೆ ಇದೆ. ನೀವು ಹತ್ತುವ ಪ್ರತಿ ಬಿಎಂಟಿಸಿ ಬಸ್ಸಿನಲ್ಲೂ ಒಬ್ಬಿಬ್ಬರು ಇರಬಹುದು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪ್ರಕಟಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು.

ಇದು ಅಯಾನು ದ್ವಾರದ ಜೀನ್ ಅಲ್ಲ. ಕ್ಯಾಲ್ಸಿಯಂ ಬಂದ ಮೇಲೆ ಎಳೆಯುವ ಮಯೋಸಿನ್ ಎಳೆಗಳನ್ನು ಹದದಲ್ಲಿಡುವ ಪ್ರೋಟೀನಿನ ಜೀನ್. ಪ್ರೋಟೀನಿನ ಒಂದು ತುದಿ ಬದಲಾಗುವುದರಿಂದ ಕೆಲವರಲ್ಲಿ, ಹೆಚ್ಚಾಗಿ ನಡುವಯಸ್ಸಿನ ಬಳಿಕ, ಹೃದಯದ ಸ್ನಾಯು ದುರ್ಬಲವಾಗಬಹುದು. ರೋಗಿಗಳಲ್ಲಿ ಇದು ಉಳಿದವರಿಗಿಂತ ಹೆಚ್ಚು ಕಂಡುಬಂದದ್ದು ನಿಜ. ಇದನ್ನು ಹೊತ್ತವರಲ್ಲಿ ಬಹುಪಾಲು ಜನ ಆರೋಗ್ಯವಾಗಿರುವುದೂ ಅಷ್ಟೇ ನಿಜ. ಎರಡೂ ಪ್ರತಿಗಳಲ್ಲಿ ಇದ್ದರೆ, ಅಥವಾ ಜೊತೆಗೆ ಬೇರೊಂದು ಮಾರ್ಪಾಡಿದ್ದರೆ, ಎಚ್ಚರ ಹೆಚ್ಚು ಬೇಕು.

ಈಗ ಒಂದು ಇಸಿಜಿ, ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಸರಿ ಇದ್ದರೆ ಮತ್ತೆ ಯಾವಾಗ ನೋಡಬೇಕೆಂದು ಹೃದ್ರೋಗ ತಜ್ಞರು ಹೇಳುತ್ತಾರೆ. ರಕ್ತದೊತ್ತಡ ಏರಲು ಬಿಡಬೇಡಿ, ಅದು ಹೃದಯದ ಮೇಲೆ ಹೊರೆಯ ಮೇಲೆ ಹೊರೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೇ ಎಂದು ಅಜ್ಜಿಯನ್ನು ಕೂರಿಸಿಕೊಂಡು ಕೇಳಿ. ವರದಿಯ ಜೊತೆಗೆ ಈ ಮಾಹಿತಿಯೂ ವೈದ್ಯರಿಗೆ ಬೇಕು. ಮದುವೆಯ ಮಾತುಕತೆ ನಡೆಯುತ್ತಿದ್ದು ಹುಡುಗಿ ಸಂಬಂಧದಲ್ಲಿನವರೇ ಆಗಿದ್ದರೆ, ಮದುವೆಗೆ ಮೊದಲೇ ಇಬ್ಬರೂ ಜೀನ್ ಸಲಹೆಗಾರರನ್ನು ಕಾಣಿ.

ಪ್ರಶ್ನೆ: ಕ್ಯಾಲ್ಸಿಯಂನಿಂದ ಹೃದಯಕ್ಕೆ ಬಲ ಬರುವುದಾದರೆ ದಿನಾ ಎರಡು ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಬಹುದೇ?
– ತುಮಕೂರು

ಬೇಡ. ಸ್ವಲ್ಪ ಹೆಚ್ಚು ನುಂಗಿದರೂ ಆರೋಗ್ಯವಂತ ದೇಹ ರಕ್ತದ ಕ್ಯಾಲ್ಸಿಯಂ ಅನ್ನು ಸಾಮಾನ್ಯವಾಗಿ 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಒಳಗೇ ಹಿಡಿದಿಡುತ್ತದೆ. ಹೃದಯದ ಬಲ ನಿರ್ಧಾರವಾಗುವುದು ಜೀವಕೋಶದ ಒಳಗೆ, ದ್ವಾರ, ದಾಸ್ತಾನು, ಪಂಪುಗಳ ಕೈಯಲ್ಲಿ. ಮೂಳೆಗಾಗಿ ವೈದ್ಯರು ಬರೆದುಕೊಟ್ಟಿದ್ದರೆ ಹೇಳಿದ ಅಳತೆಯಲ್ಲಿ ತೆಗೆದುಕೊಳ್ಳಿ. ಹೃದಯಕ್ಕೆಂದು ಕೊಡುವ ಡಿಗಾಕ್ಸಿನ್ ಮಾತ್ರೆ ನುಂಗುತ್ತಿರುವವರು ಅದನ್ನು ಮೂಳೆಯ ವೈದ್ಯರಿಗೂ ತಪ್ಪದೆ ತಿಳಿಸಿ.